ಪೊಂಪೇ ಮುಗಿಸಿ ಅದೇ ದಿನ ಪೇಸ್ಟಂ ನೋಡಬಹುದೇ?

ಇಟಲಿಗೆ ಹೊರಟ ನೀವು ಬರೆದು ಕೇಳಿದ್ದೀರಿ: ಬೆಳಿಗ್ಗೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ ಊರು ಪೊಂಪೇ, ಮಧ್ಯಾಹ್ನ ಅದರ ದಕ್ಷಿಣಕ್ಕಿರುವ ಪೇಸ್ಟಂನ ಗ್ರೀಕ್ ದೇವಾಲಯಗಳು, ರಾತ್ರಿ ಊಟಕ್ಕೆ ವಾಪಸ್ ನೇಪಲ್ಸ್. ನಿಮ್ಮ ಈ ಪಟ್ಟಿಯನ್ನೇ ನಾನೂ ಹಾಕಿಕೊಂಡಿದ್ದೆ. ಕೆಟ್ಟದ್ದು ಒಂದು ಸ್ಟೇಷನ್ ಹೆಸರಿನಿಂದ.

ಪೊಂಪೇ ಹೆಸರಿನ ಸ್ಟೇಷನ್ ಒಂದಲ್ಲ, ಮೂರು. ಹಾಳೂರಿನ ಪಶ್ಚಿಮದ ಬಾಗಿಲ ಹತ್ತಿರ ಇರುವುದು ‘ಪೊಂಪೇ ಸ್ಕಾವಿ’. ನೇಪಲ್ಸಿನಿಂದ ಸೊರೆಂಟೊಗೆ ಹೋಗುವ ಚಿರ್ಕುಂವೆಸುವಿಯಾನ ಲೋಕಲ್ ನಿಲ್ಲುವುದು ಅಲ್ಲಿ. ಅದೇ ಲೋಕಲ್‌ನ ಇನ್ನೊಂದು ಕವಲಿನಲ್ಲಿ ‘ಪೊಂಪೇ ಸಾಂತುವಾರಿಯೊ’ ಇದೆ. ಮೂರನೆಯದರ ಹೆಸರು ಬರೀ ‘ಪೊಂಪೇ’, ಅದು ಹೊಸ ಊರಿನೊಳಗಿದೆ, ನೇಪಲ್ಸ್–ಸಲೆರ್ನೊ ಮುಖ್ಯ ಮಾರ್ಗದಲ್ಲಿ. ಪೇಸ್ಟಂ ಕಡೆಗೆ ಹೋಗಬೇಕಾದವರು ಹತ್ತಬೇಕಾದ್ದು ಈ ಮೂರನೆಯದರಲ್ಲಿ ಮಾತ್ರ. ನಾನು ಇಳಿದ ಕಡೆಯೇ ಹತ್ತಬೇಕು ಎಂದುಕೊಂಡು ಸ್ಕಾವಿಗೆ ವಾಪಸ್ ಬಂದು ನಿಂತೆ. ಬೋರ್ಡಿನಲ್ಲಿ ಸೊರೆಂಟೊ, ನೇಪಲ್ಸ್, ಮತ್ತೆ ಸೊರೆಂಟೊ. ಸಲೆರ್ನೊ ಬರಲೇ ಇಲ್ಲ. ಹಳಿಯೂ ಬೇರೆ, ಟಿಕೆಟ್ಟೂ ಬೇರೆ ಎಂದು ತಿಳಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಆಮೇಲೆ ಬಿಸಿಲಲ್ಲಿ ಹಾಳೂರನ್ನು ಹೊರಗಿನಿಂದ ಸುತ್ತಿ ನಡೆದೆ. ಪಶ್ಚಿಮದಿಂದ ಒಳಹೊಕ್ಕವರು ಊರೊಳಗೇ ಪೂರ್ವಕ್ಕೆ ನಡೆದು ಆಂಫಿಥಿಯೇಟರ್ ಪಕ್ಕದ ಬಾಗಿಲಿನಿಂದ ಹೊರಬಿದ್ದರೆ ಆ ಮೂರನೆಯ ಸ್ಟೇಷನ್ ಹತ್ತಿರವೇ ಸಿಗುತ್ತದೆ. ಇಷ್ಟೇ ವಿಷಯ, ನನಗೆ ಗೊತ್ತಿರಲಿಲ್ಲ.

ಸಲೆರ್ನೊದಲ್ಲಿ ಗಾಡಿ ಬದಲಿಸಿ ಪೇಸ್ಟಂ ತಲುಪಿದಾಗ ನಾಲ್ಕು ದಾಟಿತ್ತು. ಇಲ್ಲಿನ ಮೂರೂ ದೇವಾಲಯಗಳ ಮುಖ ಪೂರ್ವಕ್ಕೆ. ನೀವು ಬರುವ ರಸ್ತೆಯೂ ಪೂರ್ವದಲ್ಲೇ ಇದೆ. ಸಂಜೆ ಸೂರ್ಯ ಗುಡಿಗಳ ಬೆನ್ನಿಗೆ ಹೋಗಿ ಮುಂಭಾಗವೆಲ್ಲ ಕಪ್ಪು ನೆರಳು. ಫೋಟೊ ಬಿಡಿ, ಕಲ್ಲಿನ ಮೇಲ್ಮೈಯೇ ಕಣ್ಣಿಗೆ ಸಿಗುವುದಿಲ್ಲ.

ಆದ್ದರಿಂದ ಅದೇ ದಿನ ಬೇಡ. ಪೇಸ್ಟಂಗೆ ಒಂದು ಬೆಳಿಗ್ಗೆ ಪೂರ್ತಿ ಇಡಿ. ನೇಪಲ್ಸ್ ಸೆಂಟ್ರಲ್‌ನಿಂದ ನೇರ ರೀಜನಲ್ ರೈಲಿದೆ, ಒಂದೂಕಾಲು ಗಂಟೆಯ ಆಸುಪಾಸು. ದಕ್ಷಿಣಕ್ಕೆ ಹೋಗುವ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ, ನಡುವೆ ಅಂತರವೂ ಹೆಚ್ಚು. ವಾಪಸ್ ಗಾಡಿಯ ಹೊತ್ತನ್ನು ಮೊದಲೇ ಬರೆದುಕೊಳ್ಳಿ, ಎರಡೂ ಕಡೆಯ ಟಿಕೆಟ್ ನೇಪಲ್ಸಿನಲ್ಲೇ ಕೊಳ್ಳಿ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರಂ ಹತ್ತಿರದ ಯಂತ್ರದಲ್ಲಿ ತೂರಿಸಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ. ಪೇಸ್ಟಂನಲ್ಲಿ ಇಳಿದು ಹಳೆಯ ಕೋಟೆಬಾಗಿಲು ಪೋರ್ತಾ ಸಿರೇನಾ ದಾಟಿ ನೇರ ಪಶ್ಚಿಮಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ಆಯಿತು, ಆಟೊ ಟ್ಯಾಕ್ಸಿ ಏನೂ ಬೇಡ. ಒಳಗೆ ನೆರಳು ಬಹಳ ಕಡಿಮೆ. ಬೇಸಿಗೆಯಲ್ಲಿ ಟೋಪಿ, ಕುಡಿಯಲು ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು.

“ಹೇಗೂ ಅಥೆನ್ಸಿಗೆ ಹೋಗುತ್ತೇವೆ, ಪೇಸ್ಟಂ ಬಿಡಬಹುದಾ” ಎಂದಿದ್ದೀರಿ. ಲೆಕ್ಕ ತಲೆಕೆಳಗಾಗಿದೆ. ಅಥೆನ್ಸಿನ ಹೆಸರಾಂತ ಗುಡಿ ಪಾರ್ಥೆನಾನ್ 1687ರಲ್ಲಿ ಒಳಗಿಟ್ಟಿದ್ದ ಮದ್ದಿನಪುಡಿ ಸಿಡಿದು ನಡು ಮುರಿದ ಕಟ್ಟಡ. ಅಥೆನ್ಸಿನಲ್ಲಿ ಇಡಿಯಾಗಿ ನಿಂತ ಗುಡಿ ಬೇಕೆಂದರೆ ಹಳೆಯ ಸಂತೆಬಯಲು ಅಗೋರಾದ ಪಕ್ಕದ ಹೆಫೈಸ್ಟಸ್ ದೇವಾಲಯವೊಂದೇ. ಪೇಸ್ಟಂನಲ್ಲಾದರೋ ಒಂದೇ ಆವರಣದಲ್ಲಿ ಮೂರಿವೆ. ಇದು ಕ್ರಿ.ಪೂ. 600ರ ಸುಮಾರಿಗೆ ಗ್ರೀಕರು ಕಟ್ಟಿದ ಪೊಸೈಡೋನಿಯಾ ಎಂಬ ಊರು. ಜೌಗು ಹೆಚ್ಚಿ ಮಲೇರಿಯಾ ಹಬ್ಬಿ ಜನ ಬೆಟ್ಟ ಹತ್ತಿದ್ದರಿಂದ ಕಲ್ಲುಗಳು ಇಷ್ಟಾದರೂ ಉಳಿದವು.

ನೋಡುವುದು ಹೇಗೆ? ಬೇಲೂರು ನೋಡಿ ಬೆಳೆದ ಕಣ್ಣು ಇಲ್ಲಿ ಶಿಲ್ಪ ಹುಡುಕುತ್ತದೆ, ನಿರಾಸೆಯಾಗುತ್ತದೆ. ಗೋಡೆಯ ಮೇಲೆ ಕೆತ್ತನೆ ಇಲ್ಲ. ಪೂಜೆ ನಡೆಯುತ್ತಿದ್ದುದೂ ಒಳಗಲ್ಲ, ಎದುರಿನ ಬಯಲಿನ ಬಲಿಪೀಠದಲ್ಲಿ. ಅಲ್ಲಿ ನಿಂತು ಕಂಬ ಎಣಿಸಿ. ಕ್ರಿ.ಪೂ. 550ರ ಹೊತ್ತಿನ ‘ಬಸಿಲಿಕಾ’ದ ಮುಂದೆ 9 ಕಂಬ. ಬೆಸ ಸಂಖ್ಯೆಯಾದ್ದರಿಂದ ದಾರಿ ಇರಬೇಕಾದ ನಟ್ಟನಡುವೆ ಒಂದು ಕಂಬ ಬಂದಿದೆ. ಒಳಗೂ ನಡುಸಾಲು ಕಂಬಗಳಿದ್ದು, ದೇವರ ಕೋಣೆಯನ್ನು ಎರಡು ಓಣಿ ಮಾಡಿದ್ದವು. 18ನೇ ಶತಮಾನದವರು ಇದನ್ನು ಗುಡಿಯೇ ಅಲ್ಲ, ಬಸಿಲಿಕಾ ಅಂದರೆ ರೋಮನ್ನರ ಸಭಾಮಂದಿರ ಎಂದುಕೊಂಡರು, ತಪ್ಪು ಹೆಸರೇ ಉಳಿಯಿತು. ಕಂಬಗಳ ಹೊಟ್ಟೆ ಎದ್ದು ಕಾಣುವಷ್ಟು ಉಬ್ಬಿದೆ, ಕಂಬದ ತಲೆಯ ಮೇಲಿನ ಬೋದಿಗೆ ಒತ್ತಿದ ದಿಂಬಿನ ಹಾಗೆ ಚಪ್ಪಟೆಯಾಗಿ ಹರಡಿದೆ.

ಪಕ್ಕದ ‘ನೆಪ್ಟ್ಯೂನ್’ ಗುಡಿ ಸುಮಾರು ನೂರು ವರ್ಷ ಕಿರಿಯದು. ಮುಂದೆ 6, ಪಕ್ಕಕ್ಕೆ 14 ಕಂಬ. ಸಮ ಸಂಖ್ಯೆ, ನಡುದಾರಿ ಖುಲ್ಲಾ. ಉದ್ದ 60 ಮೀಟರ್, ಅಗಲ 24, ಹೊರಗಂಬ ಹತ್ತಿರ ಹತ್ತಿರ 9 ಮೀಟರ್ ಎತ್ತರ. ಈ ಬಗೆಯ ಸರಳ ಗ್ರೀಕ್ ಕಂಬಕ್ಕೆ ಡೋರಿಕ್ ಎನ್ನುತ್ತಾರೆ, ಅದಕ್ಕೆ ಸಾಮಾನ್ಯವಾಗಿ 20 ಉದ್ದಗೀರು, ಇಲ್ಲಿ 24. ಮಾಡು ಹೋಗಿದೆ, ಎರಡೂ ತುದಿಯ ತ್ರಿಕೋನ ಇದೆ. ಬಿಡಬಾರದ್ದು ಒಳಗಿನ ಎರಡಂತಸ್ತು: ದೊಡ್ಡ ಕಂಬದ ಮೇಲೆ ಸಣ್ಣ ಕಂಬ ನಿಲ್ಲಿಸಿ ಮಾಡಿಗೆ ಆಸರೆ ಕೊಟ್ಟಿದ್ದರು, ಅದರ ಭಾಗ ಇನ್ನೂ ನಿಂತಿದೆ. ಎಲ್ಲ ಸ್ಥಳೀಯ ಸುಣ್ಣಕಲ್ಲು. ತೂತುತೂತಾಗಿ ಕಾಣುವುದು ಶಿಥಿಲವಾಗಿ ಅಲ್ಲ, ಮೇಲಿದ್ದ ಗಾರೆ ಉದುರಿದ್ದರಿಂದ.

ಉತ್ತರದ ಅಥೀನಾ ಗುಡಿಗೆ ಹದಿನೈದು ನಿಮಿಷ ಸಾಕು. ಬಿಸಿಲೇರಿದ ಮೇಲೆ ರಸ್ತೆಯಾಚೆ ಮ್ಯೂಸಿಯಂ. 1968ರಲ್ಲಿ ಸಿಕ್ಕ ಸಮಾಧಿಯೊಂದರ ಮುಚ್ಚಳದ ಚಪ್ಪಡಿ ಅಲ್ಲಿದೆ, ನೀರಿಗೆ ಧುಮುಕುತ್ತಿರುವ ಹುಡುಗನ ಚಿತ್ರ, ಸುಮಾರು 2,500 ವರ್ಷ ಹಳೆಯದು. ಅದರ ಮುಂದೆ ಅರ್ಧ ಗಂಟೆ ಕೂತರೂ ದಂಡವಲ್ಲ.

ಊಟಕ್ಕೆ ಸುತ್ತಲೆಲ್ಲ ಎಮ್ಮೆ ಹಾಲಿನ ಮೊಝರೆಲ್ಲಾ ಚೀಸನ್ನು ಹೊಗಳುತ್ತಾರೆ, ರುಚಿಯೂ ಹಾಗೇ ಇದೆ. ಕಟ್ಟಾ ಸಸ್ಯಾಹಾರಿಗಳಾಗಿದ್ದರೆ ಗೊತ್ತಿರಲಿ, ಆ ಹಾಲು ಒಡೆಯಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್.