ಅಮೆರಿಕದ ನ್ಯಾಷನಲ್ ಪಾರ್ಕ್‌ಗಳನ್ನು ನಡೆಸಲು ಕೊಡುವ ದುಡ್ಡು ಯಾವುದಕ್ಕೆ ಖರ್ಚಾಗುತ್ತದೆ?

ಪ್ರಾಣಿ, ಕಾಡು ಕಾಯೋದಕ್ಕೇ ಜಾಸ್ತಿ ಹೋಗುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲ. ಅಲ್ಲಿನ ನ್ಯಾಷನಲ್ ಪಾರ್ಕ್ ಸರ್ವೀಸ್ 400ಕ್ಕೂ ಹೆಚ್ಚು ತಾಣಗಳನ್ನು ನೋಡಿಕೊಳ್ಳುತ್ತದೆ. 2024ರಲ್ಲಿ ಅವನ್ನು ನಡೆಸಲು ಸಂಸತ್ತು ಕೊಟ್ಟದ್ದು ಸುಮಾರು 290 ಕೋಟಿ ಡಾಲರ್. ಅದರಲ್ಲಿ ದೊಡ್ಡ ಪಾಲು, ಹೆಚ್ಚುಕಮ್ಮಿ ಮೂರನೇ ಒಂದು ಭಾಗ, ರಸ್ತೆ, ಕಟ್ಟಡ, ಶೌಚಾಲಯ, ನೀರಿನ ಪೈಪುಗಳ ನಿರ್ವಹಣೆಗೆ. ಪ್ರಕೃತಿ ಮತ್ತು ಸ್ಮಾರಕಗಳ ರಕ್ಷಣೆ, ಪ್ರವಾಸಿಗರ ಸೇವೆ, ಕಾನೂನು ಪಾಲನೆ, ಆಡಳಿತ ಉಳಿದದ್ದನ್ನು ಹಂಚಿಕೊಳ್ಳುತ್ತವೆ. ಯಾವ ಲೆಕ್ಕದಲ್ಲಿ ಬರೆದರೂ ಬಹುಪಾಲು ಕೊನೆಗೆ ಸಂಬಳವೇ. ಹಾಗಾಗಿ ಬಜೆಟ್ ಕಡಿತ ಅಂದರೆ ಮೊದಲು ಜನ ಕಡಿಮೆಯಾಗುತ್ತಾರೆ.

ಇಷ್ಟಾದರೂ ರಿಪೇರಿಗೆ ಸಾಲುವುದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ಗೆ ನೀರು ತರುವ, 1960ರ ದಶಕದಲ್ಲಿ ಹಾಕಿದ ಪೈಪು 2010ರಿಂದ ಈಚೆಗೆ 85ಕ್ಕೂ ಹೆಚ್ಚು ಸಲ ಒಡೆದಿದೆ! ಇಂಥ ಬಾಕಿ ಕೆಲಸಗಳ ಮೊತ್ತ 2,000 ಕೋಟಿ ಡಾಲರ್ ದಾಟಿದೆ. ಇದಕ್ಕೆಂದೇ 2020ರಲ್ಲಿ ಒಂದು ಕಾನೂನು ತಂದು, ಐದು ವರ್ಷ, ವರ್ಷಕ್ಕೆ 130 ಕೋಟಿ ಡಾಲರ್‌ವರೆಗೆ ಬೇರೆ ನಿಧಿ ಕೊಟ್ಟರು.

ಪ್ರವೇಶ ಶುಲ್ಕದ ಲೆಕ್ಕ ಬೇರೆ. ಅದರಲ್ಲಿ ಕನಿಷ್ಠ 80% ಸಾಮಾನ್ಯವಾಗಿ ವಸೂಲಾದ ಪಾರ್ಕಿನಲ್ಲೇ ಉಳಿಯುತ್ತದೆ.