ಮೊದಲ ಸಲ ಕ್ಯಾಂಪಿಂಗ್ ಹೋಗುವವರು ಏನೇನು ತಗೊಂಡು ಹೋಗಬೇಕು?

ನಿಮ್ಮ ಪ್ರಶ್ನೆ ಇಷ್ಟು: ಡಿಸೆಂಬರ್ ಕೊನೆಗೆ ನೀವು, ನಿಮ್ಮ ಯಜಮಾನರು, 7 ವರ್ಷದ ಮಗಳು ಬೆಂಗಳೂರಿನಿಂದ ಕಾರಿನಲ್ಲಿ ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟಿಗೆ ಹೋಗುತ್ತಿದ್ದೀರಿ. ಒಂದು ರಾತ್ರಿ. ಟೆಂಟು ನಿಮ್ಮದೇ, ಹೊಸದು. ಅಂಗಡಿಯವರು ಇನ್ನೂ 15 ಸಾವಿರದ ಸಾಮಾನಿನ ಪಟ್ಟಿ ಕೊಟ್ಟಿದ್ದಾರೆ, ಅದೆಲ್ಲ ಬೇಕಾ ಅಂತ.

ಬೇಡ. ಅರ್ಧಕ್ಕಿಂತ ಜಾಸ್ತಿ ನಿಮ್ಮ ಮನೆಯಲ್ಲೇ ಇರುತ್ತದೆ. ದುಡ್ಡು ಹಾಕಲೇಬೇಕು ಅಂತಿದ್ದರೆ ಬೆನ್ನಿನ ಕೆಳಗೆ ಹಾಕಿ.

ನಮ್ಮ ಮೊದಲ ಸಲದ ಕಥೆ ಹೇಳುತ್ತೇನೆ. ಅದೂ ಡಿಸೆಂಬರೇ, ಜಾಗ ಮೂಡಿಗೆರೆ ಕಡೆ. ಚಳಿ ಇರುತ್ತದೆ ಅಂತ ಮೂರು ರಗ್ಗು, ತಲೆಗೆ ಎರಡರಂತೆ ಸ್ವೆಟರು ತುಂಬಿಕೊಂಡು ಹೋಗಿದ್ದೆವು. ಹಾಸೋಕೆ ಅಂತ ತಂದಿದ್ದು ಒಂದೇ ಒಂದು ಜಮಖಾನ. ರಾತ್ರಿ ಒಂದೂವರೆಗೆ ಎಚ್ಚರವಾಯಿತು. ಎದೆ ಬೆಚ್ಚಗಿದೆ, ಬೆನ್ನು ಮಾತ್ರ ಕೊರೆಯುತ್ತಿದೆ. ಮಗ್ಗುಲು ಬದಲಿಸಿದರೆ ಆ ಮಗ್ಗುಲು ಕೊರೆಯುತ್ತದೆ. ಇನ್ನೊಂದು ರಗ್ಗು ಹೊದ್ದರೂ ಅಷ್ಟೇ. ಕೊನೆಗೆ ಮೂರು ಗಂಟೆಗೆ ಎದ್ದು ಹೋಗಿ ಕಾರಿನೊಳಗಿನ ರಬ್ಬರ್ ಮ್ಯಾಟುಗಳನ್ನು ಕಿತ್ತು ತಂದು ಜಮಖಾನದ ಕೆಳಗೆ ಹಾಕಿದೆ. ಆಮೇಲೆ ನಿದ್ದೆ ಬಂತು. ಬೆಳಿಗ್ಗೆ ನನ್ನ ಹೆಂಡತಿ ಎದ್ದಾಗ ಅವಳ ಮೊಣಕೈ ಮೇಲೆ ಮ್ಯಾಟಿನ ಚೌಕಳಿ ಅಚ್ಚೊತ್ತಿತ್ತು.

ಸಕಲೇಶಪುರದಲ್ಲಿ ಡಿಸೆಂಬರ್ ರಾತ್ರಿ 15 ಡಿಗ್ರಿ ಆಸುಪಾಸು ಅಂದುಕೊಳ್ಳಿ. ಬೆಂಗಳೂರಿನಲ್ಲೂ ಹೆಚ್ಚು ಕಮ್ಮಿ ಅಷ್ಟೇ ಅಲ್ವಾ? ವ್ಯತ್ಯಾಸ ಇರೋದು ಮಂಚದಲ್ಲಿ. ಮಲೆನಾಡಿನ ತೇವದ ನೆಲ ರಾತ್ರಿಯಿಡೀ ಮೈ ಶಾಖ ಎಳೆದುಕೊಳ್ಳುತ್ತಲೇ ಇರುತ್ತದೆ. ಸ್ಲೀಪಿಂಗ್ ಬ್ಯಾಗ್ ಇದ್ದರೂ ಈ ತೊಂದರೆ ಪೂರ್ತಿ ತಪ್ಪಲ್ಲ. ನಮ್ಮನ್ನು ಬೆಚ್ಚಗಿಡೋದು ಅದರೊಳಗೆ ಸಿಕ್ಕಿಕೊಂಡ ಗಾಳಿ. ನಮ್ಮ ಭಾರಕ್ಕೆ ಕೆಳಭಾಗ ಅಪ್ಪಚ್ಚಿಯಾದರೆ ಗಾಳಿಯೂ ಇಲ್ಲ, ಶಾಖವೂ ಇಲ್ಲ. ಅದಕ್ಕೇ ತಲೆಗೊಂದು ಫೋಮ್ ಮ್ಯಾಟ್ ತಗೊಳ್ಳಿ, ಸುರುಳಿ ಸುತ್ತಿಡುವಂಥದ್ದು. ಯೋಗ ಮ್ಯಾಟ್ ಇದ್ದರೆ ಎರಡನ್ನು ಒಂದರ ಮೇಲೊಂದು ಹಾಸಿದರೂ ನಡೆಯುತ್ತದೆ. ಗಾಳಿ ತುಂಬುವ ಹಾಸಿಗೆ ಮೆತ್ತಗೇನೋ ಇರುತ್ತದೆ. ಆದರೆ ಒಳಗಿನ ಗಾಳಿ ಓಡಾಡಿಕೊಂಡೇ ಇರುವುದರಿಂದ ನೆಲದ ತಂಪು ಮೇಲೆ ಬಂದೇ ಬರುತ್ತದೆ. ಅದನ್ನೇ ತರೋದಾದರೆ ಮೇಲೊಂದು ಕಂಬಳಿ ಹಾಸಿ.

ಕಂಬಳಿ ಅಂದರೆ ಚಳ್ಳಕೆರೆ ಕಡೆಯಿಂದ ಬರುವ ಕರಿ ಕಂಬಳಿ, ಕುರಿ ಉಣ್ಣೆಯದು. ಊರಲ್ಲಿ ಅಜ್ಜಿ ಮನೆಯ ಅಟ್ಟದ ಮೇಲೆ ಇದ್ದರೆ ಕೇಳಿ ತನ್ನಿ. ಚುಚ್ಚುತ್ತದೆ, ತೂಕ ಬೇರೆ. ಕಾರಿನಲ್ಲಿ ಹೋಗುವವರಿಗೆ ತೂಕದ ಚಿಂತೆ ಯಾಕೆ? ಸ್ವಲ್ಪ ಒದ್ದೆಯಾದರೂ ಅದು ಹತ್ತಿ ಬಟ್ಟೆಯ ಹಾಗೆ ಕೈಕೊಡಲ್ಲ. ಹಾಸೋಕೆ ಒಂದು, ಹೊದೆಯೋಕೆ ಒಂದು ಇದ್ದರೆ ಸ್ಲೀಪಿಂಗ್ ಬ್ಯಾಗ್ ಈ ಸಲ ಕೊಳ್ಳಬೇಡಿ.

ಉಣ್ಣೆ ಅಂದಾಗ ನೆನಪಾಯಿತು, ಕಚ್ಚುವ ಉಣ್ಣೆಯೂ ಇದೆ. ಮಲೆನಾಡಿನವರು ಉಣುಗು ಅನ್ನುತ್ತಾರೆ. ಮಂಗನ ಕಾಯಿಲೆ ಹರಡುವುದು ಇದರಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಇದು. ಜಾಸ್ತಿ ಕಾಣಿಸೋದು ಡಿಸೆಂಬರಿನಿಂದ ಮೇ ತನಕ, ಅಂದರೆ ನಾವೆಲ್ಲ ಟೆಂಟು ಹೊತ್ತು ಹೋಗುವ ಕಾಲದಲ್ಲೇ. ಹೆದರಿ ಟ್ರಿಪ್ ಬಿಡಬೇಕಾಗಿಲ್ಲ. ಉದ್ದ ತೋಳಿನ ಅಂಗಿ, ಪ್ಯಾಂಟು ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ನೋಡೋಕೆ ಚೆನ್ನಾಗಿರಲ್ಲ, ಇರಲಿ. ತಿಳಿ ಬಣ್ಣದ ಬಟ್ಟೆಯಾದರೆ ಹತ್ತಿದ್ದು ಕಾಣುತ್ತದೆ. ಮಗಳನ್ನು ತರಗೆಲೆಯ ರಾಶಿಯಲ್ಲಿ ಆಡೋಕೆ ಬಿಡಬೇಡಿ. ಸಂಜೆ ಅವಳ ಕಿವಿಯ ಹಿಂದೆ, ಮಂಡಿಯ ಸಂದು, ಕಂಕುಳು ಒಮ್ಮೆ ನೋಡಿ. ಮಂಗ ಎಲ್ಲಾದರೂ ಸತ್ತು ಬಿದ್ದಿದ್ದು ಕಂಡರೆ ಆ ಕಡೆ ಸುಳಿಯಬೇಡಿ, ತೋಟದವರಿಗೆ ತಿಳಿಸಿ. ಊರಿಗೆ ಬಂದ ಮೇಲೆ ಜೋರು ಜ್ವರ ಬಂದರೆ ಡಾಕ್ಟರಿಗೆ ಕಾಡಂಚಿಗೆ ಹೋಗಿದ್ದೆವು ಅಂತ ಮರೆಯದೆ ಹೇಳಿ. ಇಂಬಳದ (ಜಿಗಣೆಯ) ಕಾಟ ಮಳೆಗಾಲದಷ್ಟು ಇರಲ್ಲ. ಕಾಗದದಲ್ಲಿ ಒಂದು ಹಿಡಿ ಉಪ್ಪು ಕಟ್ಟಿಕೊಂಡರೆ ಸಾಕು.

ಈಗ ಟೆಂಟು. "4 ಜನರ ಟೆಂಟು" ಅಂತ ಬರೆದಿದ್ದರೆ ನಾಲ್ಕು ಜನ ಇಡ್ಲಿ ತಟ್ಟೆಯ ಹಾಗೆ ಒತ್ತಿಕೊಂಡು ಮಲಗಬಹುದು ಅಂತ ಅರ್ಥ, ಬ್ಯಾಗಿಗೆ ಜಾಗ ಇಲ್ಲ. ನೀವು ಮೂರು ಜನ, ಸರಿಹೋಗುತ್ತದೆ. ಹೋಗುವ ಮೊದಲು ಮಹಡಿ ಮೇಲೆ ಒಂದು ಸಲ ನಿಲ್ಲಿಸಿ ನೋಡಿ. ಯಾವ ಕೋಲು ಎಲ್ಲಿಗೆ ಅಂತ ಅಲ್ಲಿ ಕತ್ತಲಲ್ಲಿ ಹುಡುಕುತ್ತಾ ಕೂತರೆ ಗಂಡ ಹೆಂಡತಿ ಜಗಳ ಖಂಡಿತ. ಟೆಂಟಿನ ಕೆಳಗೆ ಹಾಕೋಕೆ ಟಾರ್ಪಾಲು ತನ್ನಿ, ಆದರೆ ಅದರ ಅಂಚು ಟೆಂಟಿನಿಂದ ಆಚೆ ಇಣುಕದ ಹಾಗೆ ಒಳಕ್ಕೆ ಮಡಚಿ. ಇಲ್ಲದಿದ್ದರೆ ಇಬ್ಬನಿ, ಮಳೆ ಏನೇ ಬಿದ್ದರೂ ಆ ನೀರು ಸೀದಾ ನಿಮ್ಮ ಬೆನ್ನ ಕೆಳಗೆ. ಕಾಫಿ ಒಣಗಿಸುವ ಕಣ ಸಮತಟ್ಟಾಗಿದೆ ಅಂತ ಅಲ್ಲಿ ಹಾಕೋಕೆ ಹೋಗಬೇಡಿ. ಸಿಮೆಂಟಿನ ಕಣದಲ್ಲಿ ಗೂಟ ಇಳಿಯಲ್ಲ. ಅದೂ ಅಲ್ಲದೆ ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲಿನ ಸಮಯ, ಕಣದ ತುಂಬ ಹಣ್ಣು ಇರುತ್ತದೆ. ಒಣಗಿದ ಕೊಂಬೆ ಇರುವ ಮರದ ಕೆಳಗೂ ಬೇಡ.

ಚಳಿ ಅಂತ ಜಿಪ್ ಪೂರ್ತಿ ಎಳೆದು ಮುಚ್ಚುವ ಆಸೆ ಬರುತ್ತದೆ. ಸೊಳ್ಳೆ ಪರದೆ ಪೂರ್ತಿ ಹಾಕಿ, ಮೇಲಿನ ಗಾಳಿಕಿಂಡಿ ಮಾತ್ರ ತೆರೆದಿರಲಿ. ಮೂವರ ಉಸಿರು ಒಳಗೇ ಸಿಕ್ಕಿಕೊಂಡರೆ ಬೆಳಗಿನ ಜಾವ ಬಟ್ಟೆಯ ಒಳಮೈ ತುಂಬ ನೀರಿನ ಹನಿ. ಕೈ ತಾಗಿದರೆ ಮುಖದ ಮೇಲೆ ಸೋನೆ ಮಳೆ. ಇನ್ನೊಂದು ಮಾತು, ಇದನ್ನು ಮಾತ್ರ ತಮಾಷೆಗೆ ಹೇಳುತ್ತಿಲ್ಲ: ಕೆಂಡದ ಬಕೆಟ್ಟು, ಸ್ಟವ್ವು ಯಾವುದನ್ನೂ ಟೆಂಟಿನೊಳಗೆ ತರಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗಾಳಿಗೆ ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗಲ್ಲ.

ಬಟ್ಟೆ ವಿಷಯ ಸಣ್ಣದು. ಜೀನ್ಸ್ ಬೇಡ, ಒದ್ದೆಯಾದರೆ ಎರಡು ದಿನವಾದರೂ ಒಣಗಲ್ಲ. ಮಲಗೋಕೆ ಅಂತಲೇ ಒಂದು ಜೊತೆ ಬಟ್ಟೆ, ಒಂದು ಜೊತೆ ದಪ್ಪ ಸಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ರಾತ್ರಿ ತನಕ ಅದನ್ನು ಬಿಚ್ಚಕೂಡದು. ಮಂಕಿ ಕ್ಯಾಪ್ ಹಾಕಿಕೊಂಡರೆ ಫೋಟೋ ಕೆಡುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ.

ಊಟಕ್ಕೆ ಮೊದಲ ಸಲ ಸಾಹಸ ಬೇಡ. ಮನೆಯಿಂದ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಳ್ಳಿ. ಬೆಳಿಗ್ಗೆಗೆ ಅವಲಕ್ಕಿ. ಇಬ್ಬನಿಗೆ ನೆನೆದ ಸೌದೆ ಹತ್ತಿಕೊಳ್ಳೋಕೆ ಒಂದು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಮಗು ಹಸಿದು ಅತ್ತಿರುತ್ತದೆ. ಕುಡಿಯೋಕೆ ಮಾಡೋಕೆ ಅಂತ ತಲೆಗೆ 4 ಲೀಟರ್ ನೀರು. ಬೆಂಕಿಪೊಟ್ಟಣ ಎರಡು, ಬೇರೆ ಬೇರೆ ಬ್ಯಾಗಿನಲ್ಲಿ. ತಿಂದು ಉಳಿದದ್ದು ಒಂದು ಬಾಳೆಹಣ್ಣಾದರೂ ಟೆಂಟಿನಲ್ಲಿ ಬೇಡ, ಕಾರಿನಲ್ಲಿ ಇಟ್ಟು ಗಾಜು ಏರಿಸಿ. ಸಕಲೇಶಪುರ, ಆಲೂರು, ಬೇಲೂರು ಕಡೆ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಬುಕ್ ಮಾಡುವಾಗ "ಈಗ ಆನೆ ಯಾವ ಕಡೆ ಇದೆ?" ಅಂತ ನೇರವಾಗಿ ಕೇಳಿ. ತೋಟದವರು ಹಾರಿಕೆ ಉತ್ತರ ಕೊಟ್ಟರೆ ಆ ಜಾಗ ಬಿಡಿ. ಶೌಚಾಲಯ ಟೆಂಟಿನಿಂದ ಎಷ್ಟು ದೂರ ಅಂತಲೂ ಕೇಳಿ. ರಾತ್ರಿ ಮಗಳನ್ನು ಕರೆದುಕೊಂಡು ಹೋಗಬೇಕಾಗುತ್ತದೆ.

ಅದಕ್ಕೆ ಹಣೆಗೆ ಕಟ್ಟುವ ಟಾರ್ಚು ತಲೆಗೊಂದು ಇರಲಿ. ಮೊಬೈಲ್ ಟಾರ್ಚ್ ನಂಬಬೇಡಿ. ಸಿಗ್ನಲ್ ಇಲ್ಲದ ಕಡೆ ಫೋನು ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿ ಮಾಡುತ್ತದೆ. ಏರೋಪ್ಲೇನ್ ಮೋಡಿಗೆ ಹಾಕಿಡಿ. ಶೂಗಳನ್ನು ಟೆಂಟಿನೊಳಗೇ ಇಡಿ, ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ, ಆನೆ ಬಂದರೂ ಸದ್ದು ಕೇಳಬೇಕಲ್ಲ. ಮಾತ್ರೆ, ಬ್ಯಾಂಡೇಡ್, ಓಆರ್‌ಎಸ್, ಒಂದು ಚೊಂಬು, ಕಸಕ್ಕೆ ಒಂದು ದೊಡ್ಡ ಚೀಲ. ಅಷ್ಟೇ.

ಇನ್ನೊಂದು ಖಾಲಿ ಚೀಲವನ್ನೂ ತನ್ನಿ. ಬೆಳಿಗ್ಗೆ ಟೆಂಟು ಇಬ್ಬನಿಯಲ್ಲಿ ತೊಯ್ದಿರುತ್ತದೆ, ಅದು ಬಂದ ಸಣ್ಣ ಕವರಿಗೆ ಏನು ಮಾಡಿದರೂ ವಾಪಸ್ ಹೋಗಲ್ಲ. ದೊಡ್ಡ ಚೀಲಕ್ಕೆ ತುರುಕಿ ತಂದು ಅದೇ ದಿನ ಮಹಡಿ ಮೇಲೆ ಹರವಿ. ನಾನು ಹಾಗೇ ಅಟ್ಟಕ್ಕೆ ಎಸೆದು ಫೆಬ್ರವರಿಯಲ್ಲಿ ತೆಗೆದಿದ್ದೆ. ಮೇಲೆಲ್ಲ ಬೂಷ್ಟು. ವಿನಿಗರ್ ಹಾಕಿ ಎರಡು ಸಲ ಒರೆಸಿದರೂ ಇವತ್ತಿಗೂ ಅದರೊಳಗೆ ಮಲಗಿದರೆ ಹಳೇ ಉಪ್ಪಿನಕಾಯಿ ಭರಣಿಯ ವಾಸನೆ.