ಸೋರಿದ ಪಾಸ್‌ವರ್ಡ್ ಅಳಿಸಲು ದುಡ್ಡು ಕೊಡಬೇಕೆ?

ಸಣ್ಣ ಕಂಪನಿ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಸಿಬ್ಬಂದಿಯ ಪಾಸ್‌ವರ್ಡ್‌ಗಳು ಡಾರ್ಕ್ ವೆಬ್‌ನಲ್ಲಿವೆ, ದುಡ್ಡು ಕೊಟ್ಟರೆ ಅಳಿಸಿಕೊಡುತ್ತೇವೆ ಅಂತ ಒಂದು ಸಂಸ್ಥೆಯವರು ಹೇಳುತ್ತಿದ್ದಾರೆ. ಕೊಡೋಣವೇ? ನಮ್ಮಲ್ಲಿ ಯಾರೂ ಆ ಕಡೆ ತಲೆಯೇ ಹಾಕಿಲ್ಲ. ಅಲ್ಲಿಗೆ ಹೋಗಿದ್ದಾದರೂ ಹೇಗೆ?"

ಸಂಪಾದಕರ ಉತ್ತರ:

ಕೊಡಬೇಡಿ. ಅಲ್ಲಿ ಮಾರಾಟಕ್ಕೆ ಬಂದ ಪಟ್ಟಿ ಅಷ್ಟರಲ್ಲೇ ಎಷ್ಟೋ ಜನರ ಕೈ ಸೇರಿರುತ್ತದೆ. ಅಷ್ಟೂ ನಕಲುಗಳನ್ನು ಅಳಿಸಲು ಯಾರಿಂದಲೂ ಆಗದು. ಸೋರಿಕೆ ಆಗಿದೆಯೇ ಎಂದು ಹುಡುಕಿ ಹೇಳುವ ಸೇವೆ ಬೇರೆ, ಅದು ಉಪಯುಕ್ತವೇ. 'ಹ್ಯಾವ್ ಐ ಬೀನ್ ಪೋನ್ಡ್' ತಾಣದಲ್ಲಿ ಇಮೇಲ್ ವಿಳಾಸ ಹಾಕಿ ಉಚಿತವಾಗಿಯೇ ನೋಡಬಹುದು.

ಡಾರ್ಕ್ ವೆಬ್ ಅಂದರೆ ಟಾರ್‌ನಂಥ ಬ್ರೌಸರ್‌ನಲ್ಲಿ ಮಾತ್ರ ತೆರೆಯುವ ತಾಣಗಳು. ಅಲ್ಲಿ ಯಾರು ಎಲ್ಲಿಂದ ಬಂದರು ಎಂಬುದು ಸುಲಭಕ್ಕೆ ತಿಳಿಯದು. ಬಿಬಿಸಿಗೂ ಅಲ್ಲಿ ತಾಣವಿದೆ, ಕಳ್ಳಮಾಲಿನ ಸಂತೆಯೂ ಇದೆ. ನಿಮ್ಮವರು ಅಲ್ಲಿಗೆ ಹೋಗಬೇಕಿಲ್ಲ. ಯಾರೋ ಆಫೀಸಿನ ಇಮೇಲ್ ಕೊಟ್ಟು, ಅದೇ ಪಾಸ್‌ವರ್ಡ್ ಇಟ್ಟು ಬೇರೊಂದು ತಾಣದಲ್ಲಿ ಖಾತೆ ತೆರೆದಿರುತ್ತಾರೆ. ಆ ತಾಣಕ್ಕೆ ಕನ್ನ ಬಿದ್ದರೆ ನಿಮ್ಮ ಬೀಗದ ಕೈಯೂ ಹೋಯಿತು, ಅಲ್ವಾ?

ಇನ್ನೊಂದು ದಾರಿ ಇನ್ನೂ ಅಪಾಯದ್ದು. ಪೈರೇಟೆಡ್ ಸಾಫ್ಟ್‌ವೇರ್ ಜೊತೆ ಬರುವ ಮಾಲ್‌ವೇರ್, ಅಂದರೆ ಕಳ್ಳ ತಂತ್ರಾಂಶ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಕುಕೀಗಳನ್ನೂ (ನೀವು ಲಾಗಿನ್ ಆಗಿದ್ದೀರಿ ಎಂದು ತಾಣಕ್ಕೆ ನೆನಪಿಸುವ ಗುರುತಿನ ಚೀಟಿಗಳು) ಒಟ್ಟಿಗೇ ಕದಿಯುತ್ತದೆ. 2023ರ ಏಪ್ರಿಲ್‌ನಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಮುಚ್ಚಿಸಿದ ಜೆನೆಸಿಸ್ ಮಾರ್ಕೆಟ್‌ನಲ್ಲಿ ಇಂಥದ್ದೇ ಮಾರಾಟವಾಗುತ್ತಿತ್ತು. ಲಾಗಿನ್ ಆಗಿರುವ ಖಾತೆಯ ಕುಕೀ ಸಿಕ್ಕರೆ ಕಳ್ಳನಿಗೆ ಕೆಲವೊಮ್ಮೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಹಾಗಾಗಿ ಮೊದಲು ಮಾಲ್‌ವೇರ್ ಹೊಕ್ಕ ಕಂಪ್ಯೂಟರನ್ನು ಸ್ವಚ್ಛ ಮಾಡಿಸಿ. ಆಮೇಲೆ ಎಲ್ಲ ಸಾಧನಗಳಿಂದಲೂ ಲಾಗೌಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಮಾಲ್‌ವೇರ್ ಒಳಗೇ ಇದ್ದರೆ ಹೊಸ ಪಾಸ್‌ವರ್ಡೂ ಹೋಗುತ್ತದೆ.

ಬಳಸದೆ ಬಿಟ್ಟ ಖಾತೆಗಳನ್ನೂ ಹುಡುಕಿ ಮುಚ್ಚಿ. 2021ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯೊಳಗೆ ಕಳ್ಳರು ನುಗ್ಗಿದ್ದು ಬಳಕೆಯಲ್ಲೇ ಇಲ್ಲದ ಒಂದು ವಿಪಿಎನ್ (ಹೊರಗಿನಿಂದ ಕಂಪನಿಯ ಜಾಲಕ್ಕೆ ಸೇರುವ ದಾರಿ) ಖಾತೆಯಿಂದ. ಅದರ ಪಾಸ್‌ವರ್ಡ್ ಡಾರ್ಕ್ ವೆಬ್‌ನ ಸೋರಿಕೆ ಪಟ್ಟಿಯೊಂದರಲ್ಲಿತ್ತು. ಒಟಿಪಿಯಂಥ ಎರಡನೇ ಹಂತದ ಪರಿಶೀಲನೆ ಇರಲಿಲ್ಲ. ಇಂಧನ ಪೂರೈಕೆ ದಿನಗಟ್ಟಲೆ ನಿಂತಿತು, ಕಂಪನಿ ಸುಮಾರು 44 ಲಕ್ಷ ಡಾಲರ್ ಒತ್ತೆಹಣ ಕಟ್ಟಿತು. ಕೆಲಸ ಬಿಟ್ಟುಹೋದವರ ಎಷ್ಟು ಖಾತೆಗಳು ನಿಮ್ಮಲ್ಲಿ ಇನ್ನೂ ಜೀವಂತ ಇವೆ? ಇವತ್ತೇ ನೋಡಿ.

ನಿಮ್ಮಿಂದ ಸೋರಿದ ಪಟ್ಟಿಯಲ್ಲಿ ಗ್ರಾಹಕರ ವಿವರವೂ ಇದೆ ಎಂದು ಖಚಿತವಾದರೆ ಮುಜುಗರಪಟ್ಟು ಸುಮ್ನೆ ಕೂರಬೇಡಿ. ಅವರಿಗೆ ಕೂಡಲೇ ತಿಳಿಸಿ. ಅವರ ಪಾಸ್‌ವರ್ಡ್ ಅವರೇ ಬದಲಿಸಬೇಕು, ನೀವು ತಡ ಮಾಡಿದಷ್ಟೂ ಕಳ್ಳರಿಗೆ ಸಮಯ ಜಾಸ್ತಿ ಸಿಗುತ್ತದೆ.